ದುರಂತ ನಡೆದ ವಾರ ಚರ್ಚ್‌ನಲ್ಲಿ ಪಾಸ್ಟರ್‌ಗಳು ಏನು ಹೇಳ್ತಾರೆ?

ನಿಮ್ಮ ಒಂದು ಪ್ರಶ್ನೆಯಲ್ಲಿ ಮೂರು ಪ್ರಶ್ನೆಗಳಿವೆ. ಭಾನುವಾರದ ಪ್ರಸಂಗದಲ್ಲಿ ಪೇಪರ್‌ನಲ್ಲಿ ಬಂದ ಸುದ್ದಿಯೂ ಬರುತ್ತಾ, ಇಲ್ಲ ಬೈಬಲ್ ಮಾತ್ರಾನಾ? ಏನಾದರೂ ದುರಂತ ಆದಾಗ ಅದು ಯಾಕಾಯಿತು ಅಂತ ಪಾಸ್ಟರ್‌ಗಳು ಹೇಗೆ ವಿವರಿಸ್ತಾರೆ? ಕ್ರೈಸ್ತರಲ್ಲದವರು ಸುಮ್ನೆ ಬಂದು ಕೂತು ಕೇಳಬಹುದಾ?

ನಾನು ಬೆಂಗಳೂರಿನ ಒಂದು ಕನ್ನಡ ಸಭೆಯ ಪಾಸ್ಟರ್. ಸಿ.ಎಸ್.ಐ., ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಸಭೆ. ಕಾರ್ಪೊರೇಷನ್ ಹತ್ತಿರದ ಹಡ್ಸನ್ ಚರ್ಚನ್ನು ನೀವು ಬಸ್ಸಿನ ಕಿಟಕಿಯಿಂದಾದರೂ ನೋಡಿರುತ್ತೀರಿ, 1904ರಲ್ಲಿ ಕಟ್ಟಿದ್ದು. ನಮ್ಮದು ಅಂಥದ್ದಲ್ಲ. ಶೀಟ್ ಹಾಕಿದ ಹಾಲ್, ಪ್ಲಾಸ್ಟಿಕ್ ಕುರ್ಚಿ, ಒಂದು ಹಳೇ ಕೀಬೋರ್ಡ್. ಮನೆಗೆಲಸದವರು, ಗಾರ್ಮೆಂಟ್ಸ್‌ಗೆ ಹೋಗುವವರು, ಆಟೋ ಓಡಿಸುವವರು, ಇಬ್ಬರು ಬ್ಯಾಂಕಿನವರು, ಒಬ್ಬರು ರಿಟೈರ್ಡ್ ಮೇಷ್ಟ್ರು.

ಮೊದಲನೇ ಪ್ರಶ್ನೆಗೆ ಉತ್ತರ ಸುಲಭ. ಹೌದು, ಸುದ್ದಿ ಬರುತ್ತದೆ. ಪಾದ್ರಿಗೂ ಪೇಪರ್‌ಗೂ ಏನು ಸಂಬಂಧ ಅನ್ನುವ ಧಾಟಿಯಲ್ಲಿ ನೀವು ಕೇಳಿದ್ದು ನೋಡಿ ಸ್ವಲ್ಪ ನಗು ಬಂತು. ಕನ್ನಡದ ಮೊದಲ ಪತ್ರಿಕೆ ಶುರು ಮಾಡಿದ್ದೇ ಒಬ್ಬ ಪಾದ್ರಿ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್, ‘ಮಂಗಳೂರ ಸಮಾಚಾರ’, 1843ರ ಜುಲೈ 1. ಕಲ್ಲಚ್ಚಿನಲ್ಲಿ ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಈಗಲೂ ನಮ್ಮ ರಾಜ್ಯದಲ್ಲಿ ಜುಲೈ 1 ಪತ್ರಿಕಾ ದಿನ. ಹಾಗಾಗಿ ಬೀದಿ ಸುದ್ದಿ ನಮಗೆ ಮೈಲಿಗೆಯೇನಲ್ಲ.

ಅಷ್ಟಕ್ಕೂ ನಾನು ಬಾಯಿ ಬಿಡದಿದ್ದರೂ ಸುದ್ದಿ ಜನರ ಜೊತೆ ಒಳಗೆ ಬಂದೇ ಇರುತ್ತದೆ. ಯಾವ ಭಾನುವಾರ ಬೈಬಲ್‌ನ ಯಾವ ವಾಕ್ಯ ಓದಬೇಕು ಅಂತ ಆಲ್ಮನಾಕ್‌ನಲ್ಲಿ, ಅಂದರೆ ಚರ್ಚ್‌ನ ಪಂಚಾಂಗದಲ್ಲಿ, ಮೊದಲೇ ಗೊತ್ತು ಮಾಡಿರುತ್ತಾರೆ. ಶನಿವಾರ ರಾತ್ರಿ ಅದನ್ನು ಓದಿ, ಹಳೇ ಮದುವೆ ಕಾರ್ಡುಗಳ ಹಿಂಭಾಗದಲ್ಲಿ ಪಾಯಿಂಟ್ಸ್ ಬರೆದುಕೊಳ್ಳುತ್ತೇನೆ. ಆ ವಾರ ಊರಲ್ಲಿ ಏನು ನಡೆದಿದೆಯೋ ಅದು ತಾನಾಗಿ ಬಂದು ವಾಕ್ಯದ ಪಕ್ಕ ಕೂರುತ್ತದೆ. ಕೆಲವು ಸಲ ಎರಡಕ್ಕೂ ಹೊಂದಿಕೆಯಾಗುತ್ತದೆ. ಕೆಲವು ಸಲ ಎಣ್ಣೆ ಸೀಗೇಕಾಯಿ.

ಕಷ್ಟ ಇರುವುದು ಎರಡನೇ ಪ್ರಶ್ನೆಯಲ್ಲಿ. ಅಲ್ಲಿ ನಾನೇ ಒಮ್ಮೆ ಕೆಟ್ಟದಾಗಿ ಎಡವಿದ್ದೇನೆ.

2020ರ ಲಾಕ್‌ಡೌನ್. ಚರ್ಚ್ ಮುಚ್ಚಿತ್ತು. ಮನೆ ಗೋಡೆಗೆ ಬಿಳಿ ಬೆಡ್‌ಶೀಟ್ ಕಟ್ಟಿ, ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ, ಪ್ರಸಂಗ ರೆಕಾರ್ಡ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದೆ. ಅದರಲ್ಲೊಂದು ಸಲ, ಈ ರೋಗದ ಮೂಲಕ ದೇವರು ನಮಗೆ ಪಾಠ ಕಲಿಸುತ್ತಿದ್ದಾನೆ ಅಂದುಬಿಟ್ಟೆ. ಓಡಾಟ ನಿಲ್ಲಿಸಿ ಮನೆಯವರ ಮುಖ ನೋಡೋದನ್ನ ಕಲಿಸುತ್ತಿದ್ದಾನೆ, ಹೀಗೇ ಏನೇನೋ. ತುಂಬಾ ಜನ ಫಾರ್ವರ್ಡ್ ಮಾಡಿದರು. ನನಗೂ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಮುಂದಿನ ವರ್ಷ ಎರಡನೇ ಅಲೆ ಬಂತು. ಹೊಸೂರು ರಸ್ತೆಯ ಸ್ಮಶಾನಕ್ಕೆ ಆಗ ಎಷ್ಟು ಸಲ ಹೋದೆನೋ ಲೆಕ್ಕವಿಲ್ಲ. ಆ ಪ್ಲಾಸ್ಟಿಕ್ ಸೂಟ್ ಹಾಕಿಕೊಂಡು, ದೂರ ನಿಂತು, ಮಾಸ್ಕಿನೊಳಗಿಂದಲೇ ಮಣ್ಣಿಗೆ ಮಣ್ಣು ಅಂತ ಹೇಳಿ ಬರುವುದು. ನಮ್ಮ ಸಭೆಯಲ್ಲಿ ಒಬ್ಬರು ಟೈಲರ್ ಇದ್ದಾರೆ. ಆ ಮೇ ತಿಂಗಳಲ್ಲಿ ಅವರ ಹೆಂಡತಿ ತೀರಿಕೊಂಡರು. ಎರಡು ತಿಂಗಳು ಕಳೆದಮೇಲೆ ಪ್ಯಾಂಟ್ ಆಲ್ಟರ್ ಮಾಡಿಸಲು ಅವರ ಅಂಗಡಿಗೆ ಹೋಗಿದ್ದೆ. ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದರು. ತಲೆ ಎತ್ತದೆ ಕೇಳಿದರು: “ಅಯ್ಯನವರೇ, ಹೋದ ವರ್ಷ ಪಾಠ ಅಂದಿದ್ರಲ್ಲ. ಇವಳು ಹೋಗಿ ನಾನು ಕಲೀಬೇಕಾಗಿದ್ದ ಪಾಠ ಯಾವುದು?”

ಸಿಟ್ಟಿನಿಂದ ಕೇಳಿದ್ದಲ್ಲ. ನಿಜವಾಗಿಯೂ ತಿಳಿದುಕೊಳ್ಳೋಣ ಅಂತ ಕೇಳಿದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ತಪ್ಪಾಯಿತು ಅಂತ ಕೂಡ ಅವತ್ತು ನನ್ನ ಬಾಯಿಂದ ಬರಲಿಲ್ಲ. ಪ್ಯಾಂಟನ್ನು ಅಲ್ಲೇ ಬಿಟ್ಟು ಬಂದೆ. ಆ ಒಂದು ಮಾತು ಹೇಳಲು ಇನ್ನೂ ಮೂರು ವಾರ ಬೇಕಾಯಿತು.

ಆಮೇಲೆ ದುರಂತಕ್ಕೆ ಕಾರಣ ಹೇಳುವ ಕೆಲಸ ಬಿಟ್ಟೆ. ಇದು ನನ್ನ ಸ್ವಂತ ಬುದ್ಧಿಯೇನಲ್ಲ. ಲೂಕನ ಸುವಾರ್ತೆಯ 13ನೇ ಅಧ್ಯಾಯದಲ್ಲೇ ಇದೆ, ಅಷ್ಟು ವರ್ಷ ಓದಿಯೂ ನನ್ನ ತಲೆಗೆ ಹೋಗಿರಲಿಲ್ಲ. ಜನ ಯೇಸು ಸ್ವಾಮಿಯ ಹತ್ತಿರ ಬಿಸಿ ಬಿಸಿ ಸುದ್ದಿ ತರುತ್ತಾರೆ. ಬಲಿ ಕೊಡಲು ಬಂದಿದ್ದ ಗಲಿಲಾಯದ ಕೆಲವರನ್ನು ರೋಮನ್ ಅಧಿಕಾರಿ ಪಿಲಾತ ಕೊಲ್ಲಿಸಿದ್ದ. ಸ್ವಾಮಿ ತಾವೇ ಇನ್ನೊಂದು ಸುದ್ದಿ ಸೇರಿಸುತ್ತಾರೆ. ಸಿಲೋವದಲ್ಲಿ ಬುರುಜು ಬಿದ್ದು 18 ಜನ ಸತ್ತಿದ್ದರು. ಅವರೇನು ಯೆರೂಸಲೇಮಿನ ಉಳಿದವರಿಗಿಂತ ದೊಡ್ಡ ತಪ್ಪಿತಸ್ಥರು ಅಂದುಕೊಂಡಿರಾ ಅಂತ ಕೇಳಿ, ಇಲ್ಲ ಅಂತ ತಾವೇ ಹೇಳುತ್ತಾರೆ. ಒಂದು ಅಧಿಕಾರದವರ ಕ್ರೌರ್ಯ, ಇನ್ನೊಂದು ಕಟ್ಟಡ ಕುಸಿತ. ಇವತ್ತಿನ ಪೇಪರ್‌ನ ಮೊದಲ ಪುಟದ ಹಾಗೇ ಇದೆ, ಅಲ್ವಾ?

ಅಲ್ಲಿಗೇ ಮುಗಿದಿದ್ದರೆ ನನಗೂ ಆರಾಮ. ಆದರೆ ಮುಂದಿನ ಮಾತು ಬಿಗಿಯಾಗಿದೆ: ನೀವು ದೇವರ ಕಡೆ ತಿರುಗದಿದ್ದರೆ ನಿಮ್ಮ ಗತಿಯೂ ಅದೇ. ಇದೊಂದನ್ನೇ ಹಿಡಿದು ಹೆದರಿಸುವ ಬೋಧಕರಿದ್ದಾರೆ. ನನಗೆ ಕೇಳಿಸುವುದು ಬೇರೆ. ಸತ್ತವರ ಲೆಕ್ಕ ತೆಗೆಯಲು ಬಂದವರಿಗೆ, ಅವರ ಖಾತೆ ಮುಚ್ಚಿಡಿ, ನಿಮ್ಮದು ತೆಗೀರಿ ಅಂದ ಹಾಗೆ. ಅದರ ಬೆನ್ನಿಗೇ ಒಂದು ಕಥೆ ಬರುತ್ತದೆ. ಮೂರು ವರ್ಷದಿಂದ ಹಣ್ಣು ಬಿಡದ ಅಂಜೂರದ ಗಿಡ. ಯಜಮಾನ ಕಡಿದುಹಾಕು ಅನ್ನುತ್ತಾನೆ. ತೋಟದವನು, ಇದೊಂದು ವರ್ಷ ಬಿಡಿ ಸ್ವಾಮಿ, ಸುತ್ತ ಅಗೆದು ಗೊಬ್ಬರ ಹಾಕಿ ನೋಡ್ತೀನಿ ಅನ್ನುತ್ತಾನೆ. ಬುರುಜು ಯಾಕೆ ಬಿತ್ತು ಅಂತ ಕೇಳಲು ಬಂದವರಿಗೆ ಸಿಕ್ಕಿದ್ದು ಗೊಬ್ಬರದ ಕಥೆ! ನಮ್ಮ ತಾತ ಕೋಲಾರದ ಕಡೆ ಬೇಸಾಯ ಮಾಡುತ್ತಿದ್ದವರು. ನನಗಿಂತ ಬೇಗ ಅವರಿಗೆ ಇದು ಅರ್ಥವಾಗುತ್ತಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗಲೂ ಯಾರ ಪಾಪಕ್ಕೆ ಅಂತ ಜನ ಕೇಳಿರಬಹುದು. ಅದು ಯಾರಿಗೂ ನೆನಪಿಲ್ಲ. ಪ್ಲೇಗ್ ಆದಮೇಲೆ ಬೆಳೆದ ಮಲ್ಲೇಶ್ವರ, ಬಸವನಗುಡಿ ಇನ್ನೂ ಇವೆ.

ಇನ್ನು ನೀವು ಕೇಳಿದ ದುರಂತದ ವಾರ. ನನಗೆ ಮೊದಲು ನೆನಪಾಗುವುದು 2025ರ ಜೂನ್.

ಜೂನ್ 3, ಮಂಗಳವಾರ ರಾತ್ರಿ ಆರ್‌ಸಿಬಿ ಕೊನೆಗೂ ಕಪ್ ಗೆದ್ದಿತು. ನಮ್ಮ ಬೀದಿಯಲ್ಲಿ ಎರಡು ಗಂಟೆಯವರೆಗೂ ಪಟಾಕಿ. ನಾನೂ ಗೇಟಿನ ಹೊರಗೆ ನಿಂತಿದ್ದೆ, ಪಕ್ಕದ ಮನೆ ಅಜ್ಜಿ ಮೈಸೂರ್ ಪಾಕ್ ತಂದುಕೊಟ್ಟರು. ಮರುದಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತ. 11 ಜನ ಹೋದರು. ಬಹುತೇಕ ಎಳೇ ವಯಸ್ಸಿನವರು.

ಬಂದ ಭಾನುವಾರ, ಜೂನ್ 8, ನಮಗೆ ಪಂಚಾಶತ್ತಮ ಹಬ್ಬ. ಪವಿತ್ರಾತ್ಮ ಇಳಿದು ಬಂದ ದಿನ. ಆಗ ಶಿಷ್ಯರ ಮೇಲೆ ಕಂಡ ಬೆಂಕಿಯ ನಾಲಿಗೆಗಳ ನೆನಪಿಗೆ ಅವತ್ತು ಚರ್ಚ್‌ನ ಬಣ್ಣ ಕೆಂಪು. ಪೀಠದ ಮೇಲಿನ ಬಟ್ಟೆ ಕೆಂಪು, ನನ್ನ ಹೆಗಲ ಮೇಲಿನ ಪಟ್ಟಿ ಕೆಂಪು. ಮಂಗಳವಾರ ರಾತ್ರಿ ಬೀದಿ ತುಂಬಾ ಕಂಡಿದ್ದೂ ಅದೇ ಕೆಂಪು. ಓದಬೇಕಾದ ಭಾಗ ಅಪೊಸ್ತಲರ ಕೃತ್ಯಗಳು 2. ಯೆರೂಸಲೇಮಿನ ಬೀದಿಯಲ್ಲಿ ಜನಜಾತ್ರೆ, ಗದ್ದಲ, ಶಿಷ್ಯರನ್ನು ನೋಡಿ ಇವರು ಕುಡಿದಿದ್ದಾರೆ ಅಂತ ಗೇಲಿ. ಪ್ರತಿ ವರ್ಷ ಆ ಗುಂಪನ್ನು ಹೊಗಳಿ ಮಾತಾಡುತ್ತಿದ್ದವನು ನಾನು. ಆ ವಾರ ಗುಂಪು ಅನ್ನುವ ಪದವೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು.

ಶನಿವಾರ ರಾತ್ರಿ ಯೂತ್‌ನ ಹುಡುಗನೊಬ್ಬ ಫೋನ್ ಮಾಡಿದ. “ಅಯ್ಯಾ, ಸಿಲೋವದಲ್ಲಿ 18 ಜನ. ಆರ್‌ಸಿಬಿಗೆ ಇದು 18ನೇ ಸೀಸನ್. ಕೊಹ್ಲಿ ಜೆರ್ಸಿ 18. ಅದೇ ಅಧ್ಯಾಯದಲ್ಲಿ ಬೆನ್ನು ಬಾಗಿದ ಹೆಂಗಸಿಗೂ 18 ವರ್ಷ ಕಾಯಿಲೆ. ಇದರಲ್ಲಿ ಏನೋ ಇದೆ!” ಏನೂ ಇಲ್ಲ, ಸುಮ್ನೆ ಮಲಕ್ಕೋ ಅಂದೆ. ಅಂಕಿ ಜೋಡಿಸಿ ಭವಿಷ್ಯ ಹೇಳುವವರು ನಮ್ಮಲ್ಲೂ ಇದ್ದಾರೆ, ಯೂಟ್ಯೂಬ್‌ನಲ್ಲಿ ಜಾಸ್ತಿ. ಆದರೂ ಹುಡುಗ ಅಧ್ಯಾಯ ಪೂರ್ತಿ ಓದಿದ್ದಾನಲ್ಲ ಅಂತ ಒಳಗೊಳಗೇ ಖುಷಿಯಾಯಿತು.

ಕ್ವಾಯರ್‌ನಲ್ಲಿ ಹಾಡುವ ಒಬ್ಬರ ಮಗ ಬುಧವಾರ ಅಲ್ಲಿಗೆ ಹೋಗಿದ್ದ. ಹತ್ತೊಂಬತ್ತು ವರ್ಷ. ರಾತ್ರಿ ಬರಿಗಾಲಲ್ಲಿ ಮನೆಗೆ ಬಂದನಂತೆ. ಭಾನುವಾರ ಅಮ್ಮನ ಜೊತೆ ಬಂದು ಕೊನೇ ಸಾಲಿನಲ್ಲಿ ಕೂತ. ಬಾಗಿಲ ಹತ್ತಿರ ಬಿಟ್ಟಿದ್ದ ಚಪ್ಪಲಿ ಅವನ ಅಪ್ಪನದು.

ಅವತ್ತು ಪ್ರಸಂಗ ಎಂಟೇ ನಿಮಿಷ. ಇಷ್ಟು ಚಿಕ್ಕದು ಇದೇ ಮೊದಲು ಅಂತ ನಮ್ಮ ಮೇಷ್ಟ್ರು ಆಮೇಲೆ ಹೇಳಿದರು, ಹೊಗಳಿದ್ದೋ ಬೈದಿದ್ದೋ ಗೊತ್ತಾಗಲಿಲ್ಲ. ದೇವರು ಯಾಕೆ ತಡೆಯಲಿಲ್ಲ ಅನ್ನುವುದಕ್ಕೆ ನಾನು ಕೈ ಹಾಕಲಿಲ್ಲ. ಕ್ರಿಕೆಟ್ಟನ್ನೇ ದೇವರು ಮಾಡಿಕೊಂಡಿದ್ದಕ್ಕೆ ಹೀಗಾಯಿತು ಅನ್ನುವ ಒಂದು ವಿಡಿಯೋ ಆ ವಾರ ನನ್ನ ಫೋನಿಗೂ ಬಂದಿತ್ತು. ನೋಡಿ ಮೈಯೆಲ್ಲಾ ಉರಿಯಿತು. ಖುಷಿಪಡಲು ಹೋದ ಮಕ್ಕಳ್ರೀ ಅವರು. ಪೇಪರ್ ನೋಡಿ ಹನ್ನೊಂದು ಹೆಸರು ಬರೆದುಕೊಂಡಿದ್ದೆ. ಪ್ರಾರ್ಥನೆಯಲ್ಲಿ ಅವನ್ನು ಒಂದೊಂದಾಗಿ ಓದಿದೆ. ಒಂದು ಹೆಸರು, ಸ್ವಲ್ಪ ಹೊತ್ತು ಮೌನ, ಇನ್ನೊಂದು ಹೆಸರು. ಆರನೇ ಹೆಸರಿಗೆ ಯಾರದೋ ಫೋನ್ ಜೋರಾಗಿ ಹೊಡೆದುಕೊಂಡಿತು. ಅವರು ಆಫ್ ಮಾಡುವವರೆಗೆ ಕಾದು ಆ ಹೆಸರನ್ನು ಮತ್ತೆ ಓದಿದೆ.

ಆರಾಧನೆ ಮುಗಿದಮೇಲೆ ಆ ಹುಡುಗ ಹತ್ತಿರ ಬಂದ. “ಯಾರದೋ ಕೈ ಹಿಡ್ಕೊಂಡಿದ್ದೆ ಅಯ್ಯಾ. ಜಾರಿ ಹೋಯ್ತು,” ಅಂದ. ಹುಡುಗನದೋ ಹುಡುಗಿಯದೋ ಅದೂ ಅವನಿಗೆ ಗೊತ್ತಿಲ್ಲ. ಏನು ಹೇಳಲಿ? ಎದುರಿನ ಬೇಕರಿಗೆ ಕರೆದುಕೊಂಡು ಹೋದೆ. ಎರಡು ಟೀ, ಒಂದು ದಿಲ್‌ಪಸಂದ್. ಟೀ ಆರಿದಮೇಲೂ ಲೋಟವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ನಿಂತೇ ಇದ್ದ. ಆಮೇಲೆ ಎಷ್ಟೋ ಭಾನುವಾರ ಹಾಗೇ ಹೋಗಿದ್ದೇವೆ. ಕೈಯ ವಿಷಯ ಅವನು ಮತ್ತೆ ಎತ್ತಿಲ್ಲ. ನಾನೂ ಕೇಳಿಲ್ಲ.

ಹಾಗಂತ ನಮ್ಮಲ್ಲಿ ಬರೀ ಸಾವಿನ ಮಾತು ಅಂದುಕೊಳ್ಳಬೇಡಿ. ಎಷ್ಟೋ ಸಲ ಸುದ್ದಿಯೇ ನನಗೆ ಬೈಬಲ್ ಓದಿಸಿದೆ. 2024ರ ಬೇಸಿಗೆ ನೆನಪಿದೆಯಾ? ಬೋರ್‌ವೆಲ್‌ಗಳು ಒಣಗಿ, ಟ್ಯಾಂಕರ್‌ಗೆ ಕಾಯಬೇಕಾಗಿ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತಲ್ಲ, ಆಗಿನ ಮಾತು. ಬುಧವಾರದ ಮನೆ ಪ್ರಾರ್ಥನೆಯಲ್ಲಿ ಯೋಹಾನನ ಸುವಾರ್ತೆಯ 4ನೇ ಅಧ್ಯಾಯ ಓದುತ್ತಿದ್ದೆವು. ಸಮಾರ್ಯದ ಹೆಂಗಸು ಮಧ್ಯಾಹ್ನದ ಹೊತ್ತಿಗೆ ಯಾಕೋಬನ ಬಾವಿಗೆ ನೀರಿಗೆ ಬರುತ್ತಾಳೆ. ಉರಿಬಿಸಿಲಲ್ಲಿ ಯಾಕೆ ಬಂದಳು? ಅವಳಿಗೆ ಐದು ಮದುವೆಯಾಗಿತ್ತು, ಊರ ಹೆಂಗಸರಿಗೆ ಮುಖ ತೋರಿಸಲು ನಾಚಿಕೆ, ಅದಕ್ಕೆ ಯಾರೂ ಇಲ್ಲದ ಹೊತ್ತು ಹುಡುಕಿದಳು ಅಂತ ವ್ಯಾಖ್ಯಾನದ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಬರೆದಿರುತ್ತಾರೆ. ನಾನೂ ಅದನ್ನೇ ಒಪ್ಪಿಸಿದೆ.

ಎರಡು ಅಪಾರ್ಟ್‌ಮೆಂಟ್‌ಗಳಲ್ಲಿ ಮನೆಗೆಲಸ ಮಾಡುವ ಅಕ್ಕ ಒಬ್ಬರು ತಡೆದರು. “ಅದೆಂಗೆ ಅಯ್ಯಾ? ಬೆಳಿಗ್ಗೆ ಹೋಗಿರ್ತಾಳೆ, ಕ್ಯೂ ಜಾಸ್ತಿ ಇರುತ್ತೆ, ಕೆಲಸಕ್ಕೆ ಲೇಟಾಗುತ್ತೆ ಅಂತ ವಾಪಸ್ ಬಂದಿರ್ತಾಳೆ. ಮಧ್ಯಾಹ್ನ ಕೆಲಸ ಮುಗಿಸ್ಕೊಂಡು ಬಂದವ್ಳೆ. ಇದರಲ್ಲಿ ನಾಚಿಕೆ ಎಲ್ಲಿಂದ ಬಂತು?”

ಕೂತಿದ್ದ ಹೆಂಗಸರೆಲ್ಲಾ ಹೌದು ಹೌದು ಅಂದರು. ಆ ವಾಕ್ಯದಲ್ಲಿ ನಾಚಿಕೆಯ ಮಾತು ಇಲ್ಲವೇ ಇಲ್ಲ, ಹುಡುಕಿ ನೋಡಿ. ಗಂಡಸರು ಸೇರಿಸಿದ್ದು. ಮುಂದೆ ಓದಿದೆವು. ಯೇಸು ಸ್ವಾಮಿಯ ಜೊತೆ ಮಾತಾಡಿದಮೇಲೆ ಅವಳು ಕೊಡವನ್ನು ಅಲ್ಲೇ ಬಿಟ್ಟು ಊರೊಳಗೆ ಹೋಗುತ್ತಾಳೆ. ಅದೇ ಅಕ್ಕ ಮತ್ತೆ ನಿಲ್ಲಿಸಿದರು. “ಬಿಂದಿಗೆ ಬಿಟ್ಟು ಹೋದ್ಲಾ? ಹಂಗಾದ್ರೆ ಭಾರೀ ವಿಷಯಾನೇ ಸಿಕ್ಕಿರಬೇಕು ಅವಳಿಗೆ!” ಆ ಭಾನುವಾರದ ಪ್ರಸಂಗ ಪೂರ್ತಿ ಅವರದೇ. ಹೆಸರು ಹೇಳಬೇಡಿ ಅಂದಿದ್ದಕ್ಕೆ ಹೇಳಲಿಲ್ಲ. ಆದರೆ ಎಲ್ಲರಿಗೂ ಗೊತ್ತಾಯಿತು.

ರಾಜಕೀಯ? ಎಲೆಕ್ಷನ್ ಬಂದಾಗ ತಪ್ಪದೆ ವೋಟ್ ಹಾಕಿ ಅನ್ನುತ್ತೇನೆ, ಯಾರಿಗೆ ಅಂತ ಹೇಳುವುದಿಲ್ಲ. ಅಷ್ಟೇ.

ಮೂರನೆಯದು. ಧಾರಾಳವಾಗಿ ಬನ್ನಿ. ನಮ್ಮಲ್ಲಿ ಅಂತಲ್ಲ, ನಿಮ್ಮ ಮನೆ ಹತ್ತಿರದ ಯಾವ ಕನ್ನಡ ಸಭೆಗಾದರೂ ಹೋಗಿ. ಯಾರೂ ಹೆಸರು, ಜಾತಿ ಕೇಳುವುದಿಲ್ಲ. ಬಂದಿದ್ದಕ್ಕೆ ಕ್ರೈಸ್ತರಾಗಲೇಬೇಕು ಅಂತಲೂ ಇಲ್ಲ. ಕಾಣಿಕೆ ಚೀಲ ಬಂದರೆ ಪಕ್ಕದವರಿಗೆ ದಾಟಿಸಿ, ಹಾಕಲೇಬೇಕು ಅಂತಿಲ್ಲ. ಪ್ರಭುಭೋಜನ ಇರುವ ದಿನ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆದವರು ಮುಂದೆ ಹೋಗುತ್ತಾರೆ. ನೀವು ಕೂತಲ್ಲೇ ಕೂತಿರಿ, ಯಾರೂ ತಪ್ಪು ತಿಳಿಯುವುದಿಲ್ಲ. ಎಲ್ಲಾ ಚರ್ಚ್‌ಗಳಲ್ಲೂ ಮುಂದಿನ ಸಾಲು ಖಾಲಿ ಇರುತ್ತದೆ, ಹೊಸಬರೂ ಹಿಂದೆಯೇ ಕೂರುತ್ತಾರೆ, ಪರವಾಗಿಲ್ಲ. ನಮ್ಮಲ್ಲಿಗೇ ಬಂದರೆ, ಮಳೆ ಇದ್ದ ದಿನ ಮಾತ್ರ ದಯವಿಟ್ಟು ಮುಂದೆ ಬಂದು ಕೂರಿ. ಶೀಟಿನ ಸದ್ದಿಗೆ ಹಿಂದಿನವರಿಗೆ ಒಂದಕ್ಷರ ಕೇಳಿಸುವುದಿಲ್ಲ.