ಖಾರದ ರಾಜ್ಮಾ ಡಿಪ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮನೆಗೆ ಎಂಟು ಜನ ನೆಂಟರು ಬರುತ್ತಾರೆ. ಎಲ್ಲರೂ ಚಿಪ್ಸ್ ಅದ್ದಿಕೊಂಡು ತಿನ್ನುವಂಥ ಮೆಕ್ಸಿಕನ್ ಶೈಲಿಯ ಖಾರದ ರಾಜ್ಮಾ ಡಿಪ್ ಮಾಡಬೇಕು. ಟೊಮೆಟೊ ಸೇರಿಸಿ ಕುಕ್ಕರಿನಲ್ಲಿ ಆರು ವಿಷಲ್ ಕೂಗಿಸಿದರೂ ಕಾಳು ಮೆತ್ತಗಾಗುವುದಿಲ್ಲ, ಏಕೆ?
– ಓದುಗರು, ದಾವಣಗೆರೆ

ಉತ್ತರ: ಟೊಮೆಟೊ ಹುಳಿಯೇ ಕಾರಣ. ಕಾಳನ್ನು ಬಿಗಿಯಾಗಿ ಹಿಡಿದಿಡುವ ಪೆಕ್ಟಿನ್ ಎಂಬ ಅಂಶ ಹುಳಿಯಲ್ಲಿ ಕರಗುವುದಿಲ್ಲ. ಬೋರ್‌ವೆಲ್‌ನ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಕೂಡ ಸಿಪ್ಪೆಯನ್ನು ಬಿಗಿಯಾಗಿಸುತ್ತದೆ, ಹಾಗಾಗಿ ನೆನೆಸಲು, ಬೇಯಿಸಲು ಫಿಲ್ಟರ್ ನೀರು ಬಳಸಿ. ಡಬ್ಬದಲ್ಲಿ ವರ್ಷಗಟ್ಟಲೆ ಕೂತ ಕಾಳನ್ನು ಈ ಕೆಲಸಕ್ಕೆ ತೆಗೆಯಲೇಬೇಡಿ. ಚಿತ್ರಾ ರಾಜ್ಮಾ ಸಿಕ್ಕರೆ ಅದೇ ಒಳ್ಳೆಯದು. ಸಿಪ್ಪೆ ತೆಳು, ಮೆಕ್ಸಿಕೊದ ಪಿಂಟೊ ಕಾಳಿಗೆ ರುಚಿಯಲ್ಲೂ ಹತ್ತಿರ.

250 ಗ್ರಾಂ ಕಾಳನ್ನು ಒಂದು ಚಮಚ ಉಪ್ಪು ಬೆರೆಸಿದ ನೀರಿನಲ್ಲಿ 8–10 ಗಂಟೆ ನೆನೆಸಿ, ಆ ನೀರು ಚೆಲ್ಲಿ. ಕಾಳಿನ ಮೇಲೆ ಒಂದಂಗುಲ ನಿಲ್ಲುವಷ್ಟು ಹೊಸ ನೀರು ಹಾಕಿ, ಒಂದು ವಿಷಲ್ ಬಂದ ಮೇಲೆ ಸಣ್ಣ ಉರಿಯಲ್ಲಿ 25 ನಿಮಿಷ ಬೇಯಿಸಿ. ಪ್ರೆಷರ್ ತಾನಾಗಿ ಇಳಿಯಲಿ. ಒಂದು ಕಾಳನ್ನು ಬೆರಳುಗಳ ನಡುವೆ ಹಿಸುಕಿ ನೋಡಿ: ನಡುವೆ ಬಿಳಿ ತರಿ ಸಿಕ್ಕರೆ ಮತ್ತೆ 10 ನಿಮಿಷ. ಬೆಂದ ನೀರನ್ನು ಬಸಿದಿಟ್ಟುಕೊಳ್ಳಿ, ಮುಂದೆ ಬೇಕು.

ದಪ್ಪ ತಳದ ಬಾಣಲೆಯಲ್ಲಿ ನಾಲ್ಕು ದೊಡ್ಡ ಚಮಚ ಎಣ್ಣೆ ಕಾಯಿಸಿ ಒಂದು ಚಮಚ ಜೀರಿಗೆ, ಹೆಚ್ಚಿದ ದೊಡ್ಡ ಈರುಳ್ಳಿ ಹಾಕಿ. ಅಂಚು ಕೆಂಪಾದ ಮೇಲೆ ಎಂಟು ಎಸಳು ಬೆಳ್ಳುಳ್ಳಿ, ಮೂರು ಹಸಿಮೆಣಸಿನಕಾಯಿ. ಉರಿ ತಗ್ಗಿಸಿ ಒಂದೂವರೆ ಚಮಚ ಬ್ಯಾಡಗಿ ಪುಡಿ, ಅರ್ಧ ಚಮಚ ಗುಂಟೂರು ಪುಡಿ ಹಾಕಿ, ತಕ್ಷಣ ಸ್ವಲ್ಪ ಕಾಳಿನ ನೀರು ಚಿಮುಕಿಸಿ. ತಡವಾದರೆ ಪುಡಿ ಸೀದು ಡಿಪ್ಪೆಲ್ಲ ಕಹಿಯಾಗುತ್ತದೆ. ಎರಡು ಟೊಮೆಟೊ ಈಗ ಹಾಕಿ, ಎಣ್ಣೆ ಬಿಡುವವರೆಗೆ ಬಾಡಿಸಿ.

ಕಾಳು ಬಿಸಿಯಿರುವಾಗಲೇ ಸೇರಿಸಿ ಮ್ಯಾಷರ್‌ನಿಂದ ಮಸೆಯಿರಿ. ಮಿಕ್ಸಿಗೆ ಎಲ್ಲವನ್ನೂ ಹಾಕಿದರೆ ಅಂಟಂಟಾಗುತ್ತದೆ, ಮೂರನೇ ಒಂದು ಭಾಗ ಕಾಳು ಕಾಣುವಂತಿದ್ದರೇ ಚೆನ್ನ. ಕಾಳಿನ ನೀರನ್ನು ಸ್ವಲ್ಪಸ್ವಲ್ಪವೇ ಬೆರೆಸಿ, ಒಲೆಯ ಮೇಲಿರುವಾಗ ದೋಸೆ ಹಿಟ್ಟಿನ ಹದಕ್ಕೆ ತನ್ನಿ. ಆರಿದಂತೆ ಪಿಷ್ಟ ಬಿಗಿದು ತಾನೇ ಗಟ್ಟಿಯಾಗುತ್ತದೆ. ಬಿಸಿಯಲ್ಲೇ ಗಟ್ಟಿ ಮಾಡಿದರೆ ಬಡಿಸುವಾಗ ಚಿಪ್ಸ್ ಮುರಿಯುತ್ತದೆ. ಒಲೆ ಆರಿಸಿ 100 ಗ್ರಾಂ ತುರಿದ ಚೀಸ್ ಬೆರೆಸಿ. ಕುದಿಯುವಾಗ ಹಾಕಿದರೆ ಎಣ್ಣೆ ಬಿಟ್ಟು ಎಳೆಎಳೆಯಾಗುತ್ತದೆ. ಉಪ್ಪು ನೋಡಿ, ಕೊನೆಯಲ್ಲಿ ಅರ್ಧ ನಿಂಬೆಹಣ್ಣಿನ ರಸ, ಕೊತ್ತಂಬರಿ ಸೊಪ್ಪು.

ಪ್ರಶ್ನೆ: ಒಣ ರಾಜ್ಮಾ ನೆನೆಸಿ ನೇರವಾಗಿ ಸ್ಲೋ ಕುಕ್ಕರಿಗೆ ಹಾಕಬಹುದೇ?
– ಓದುಗರು, ನ್ಯೂಜೆರ್ಸಿ

ಉತ್ತರ: ಖಂಡಿತ ಬೇಡ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಎಂಬ ವಿಷಾಂಶವಿದೆ, ಕೆಂಪು ರಾಜ್ಮಾದಲ್ಲಂತೂ ಹೆಚ್ಚು. ಸ್ಲೋ ಕುಕ್ಕರಿನ ಕಡಿಮೆ ಶಾಖದಲ್ಲಿ ಅದು ನಾಶವಾಗುವುದಿಲ್ಲ. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ ಶುರುವಾಗಬಹುದು. ಮೊದಲು ಪಾತ್ರೆಯಲ್ಲಿ 30 ನಿಮಿಷ ಕೊತಕೊತ ಕುದಿಸಿ, ಅಥವಾ ಪ್ರೆಷರ್ ಕುಕ್ಕರಿನಲ್ಲಿ ಬೇಯಿಸಿ. ಡಬ್ಬಿಯ ರಾಜ್ಮಾ ಬೆಂದೇ ಬಂದಿರುತ್ತದೆ, ಅದಕ್ಕೆ ಈ ಭಯವಿಲ್ಲ. ಮಾಡಿದ ಡಿಪ್ ಬಿಸಿಯಾಗಿಡಲು ಸ್ಲೋ ಕುಕ್ಕರ್ ತುಂಬ ಅನುಕೂಲ.

ಪ್ರಶ್ನೆ: ಖಾರ ಹೆಚ್ಚಾದರೆ ಏನು ಮಾಡಲಿ? ಉಳಿದದ್ದು ಎಷ್ಟು ದಿನ ಇಡಬಹುದು?
– ಓದುಗರು, ಮೈಸೂರು

ಉತ್ತರ: ನೀರು ಬೆರೆಸಬೇಡಿ, ಡಿಪ್ ತೆಳುವಾಗುತ್ತದೆಯೇ ಹೊರತು ಬಾಯಿಯ ಉರಿ ಇಳಿಯುವುದಿಲ್ಲ. ಖಾರದ ಅಂಶ ಕೊಬ್ಬಿನಲ್ಲಿ ಕರಗುವಂಥದ್ದು. ಇನ್ನಷ್ಟು ಚೀಸ್, ಇಲ್ಲವೇ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು ಬೆರೆಸಿ. ಮೊಸರನ್ನು ಡಿಪ್ ಉಗುರುಬೆಚ್ಚಗಾದ ಮೇಲೆಯೇ ಹಾಕಿ, ಇಲ್ಲದಿದ್ದರೆ ಒಡೆಯುತ್ತದೆ. ಎರಡು ಗಂಟೆಗಿಂತ ಹೆಚ್ಚು ಹೊರಗಿಡದೆ ಫ್ರಿಜ್ ಸೇರಿಸಿದರೆ ಮೂರು ದಿನ ಚೆನ್ನಾಗಿರುತ್ತದೆ. ಎಲ್ಲರೂ ಅದ್ದಿ ತಿಂದ ಬಟ್ಟಲಿನದನ್ನು ಎತ್ತಿಡಬೇಡಿ, ಎತ್ತಿಡುವುದನ್ನು ಬಡಿಸುವ ಮೊದಲೇ ಬೇರೆ ತೆಗೆದಿಡಿ.