ಮಕ್ಕಳು ಬೇಡ ಅಂದುಕೊಂಡಿದ್ದೆವು, ಈಗ ನನಗೆ ಬೇಕು ಅನಿಸ್ತಿದೆ. ಖಚಿತವಾದ ಮೇಲೆ ಗಂಡನಿಗೆ ಹೇಳಲಾ?

ಖಚಿತವಾಗಲಿ ಅಂತ ಕಾದು ಕೂತವಳು ನಾನು. ನೀವು ಕಾಯಬೇಡಿ.

ನಾವೂ ಮದುವೆಗೆ ಮುಂಚೆಯೇ ಮಾತಾಡಿಕೊಂಡಿದ್ದೆವು. ಅವರಿಗಿಂತ ನನ್ನ ಹಟವೇ ಜಾಸ್ತಿ. ಮೈಸೂರಲ್ಲಿ ಒಂದು ಸೀಮಂತದಲ್ಲಿ ದೊಡ್ಡಮ್ಮ ಬಳೆಗಾರನಿಗೆ, "ಇವಳ ಕೈಗೂ ಹಸಿರು ಬಳೆ ಏರಿಸಪ್ಪಾ, ಗಳಿಗೆ ಕೂಡಿ ಬರ್ಲಿ" ಅಂದರು. ಕೈ ಎಳೆದುಕೊಂಡು, ಊಟದ ಪಂಕ್ತಿಗೆಲ್ಲ ಕೇಳೋ ಹಾಗೆ, "ನಮಗೆ ಮಕ್ಕಳು ಬೇಡ, ಇನ್ಮೇಲೆ ಯಾರೂ ಕೇಳಬೇಡಿ" ಅಂದುಬಿಟ್ಟೆ. ನಿಜಕ್ಕೂ ಯಾರೂ ಕೇಳಲಿಲ್ಲ.

ಮೂವತ್ತಾರರ ಹೊತ್ತಿಗೆ ಮನಸ್ಸು ಹೊರಳಿತು. ಕಾರಣ ಹುಡುಕಿದರೆ ಸಿಗಲ್ಲ. ಕೆಳಗಿನ ಮನೆ ಹುಡುಗ ಸ್ಕೂಲಿಂದ ಬಂದು, ಶೂ ಕೂಡ ಬಿಚ್ಚದೆ ನಮ್ಮ ಸೋಫಾ ಮೇಲೆ ನಿದ್ದೆ ಹೋಗ್ತಿದ್ದ, ಅಷ್ಟೇ. ಅವತ್ತೇ ಗಂಡನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಇದು ನಾಲ್ಕು ದಿನದ ಆಸೆಯೇನೋ, ನೋಡೋಣ ಅಂದುಕೊಂಡೆ. ಆಮೇಲೆ ಅವರ ಪ್ರಮೋಷನ್ ಆಗಲಿ ಅಂದೆ, ನನ್ನ ಪ್ರಾಜೆಕ್ಟ್ ಮುಗೀಲಿ ಅಂದೆ. ಮಗು ಬೇಕು ಅನ್ನೋದರಲ್ಲಿ ನನಗೆ ಅನುಮಾನವೇ ಇರಲಿಲ್ಲ ಅಂತ ಈಗ ಗೊತ್ತಾಗುತ್ತೆ. ಅಷ್ಟು ಜನರೆದುರು ಬೇಡ ಅಂದವಳು ಈಗ ಬೇಕು ಅಂದರೆ ದೊಡ್ಡಮ್ಮ ಏನಂತಾರೋ ಅನ್ನೋದೇ ದೊಡ್ಡ ಚಿಂತೆ. ಆ ಜಂಬಕ್ಕೆ ವರ್ಷಗಳೇ ಹೋದವು. ಕೊನೆಗೆ ಗಂಡನಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ: "ಇಷ್ಟು ದಿನ ಯಾಕೆ ಹೇಳಲಿಲ್ಲ?" ಅವರು ಒಪ್ಪೋಕೂ ಟೈಮ್ ಬೇಕಾಯ್ತು ನೋಡಿ, ಅದು ನನ್ನ ಲೆಕ್ಕದಲ್ಲೇ ಇರಲಿಲ್ಲ.

ಅಷ್ಟರಲ್ಲಿ ನನಗೆ ನಲವತ್ತು ದಾಟಿತ್ತು. ಕೃತಕ ಗರ್ಭಧಾರಣೆ ಬಗ್ಗೆ ಇರೋ 2021ರ ಕಾಯ್ದೆ ಪ್ರಕಾರ ಹೆಂಗಸರು 50 ತುಂಬೋವರೆಗೂ ಐವಿಎಫ್ ಮಾಡಿಸಿಕೊಳ್ಳಬಹುದು ಅಂತ ಧೈರ್ಯವಾಗಿದ್ದೆ. ಕಾಯ್ದೆ ಒಪ್ಪಿದರೂ ಮೈ ಒಪ್ಪಬೇಕಲ್ಲ. ಅಂಡಾಣು ಎಷ್ಟು ಉಳಿದಿರಬಹುದು ಅಂತ ಅಂದಾಜು ಕೊಡೋ ಎಎಂಎಚ್ ರಕ್ತಪರೀಕ್ಷೆಯ ರಿಪೋರ್ಟ್ ನೋಡಿದ ಡಾಕ್ಟರು, ನಿಮ್ಮ ಅಂಡಾಣುವಿನಿಂದ ಕಷ್ಟ, ದಾನಿಯದು ಯೋಚನೆ ಮಾಡಿ ಅಂದರು. ಅದು ನಮಗೆ ಬೇಡ ಅನಿಸಿತು. ದತ್ತು ತಗೊಳ್ಳೋಣ ಅಂತ ಕೇಂದ್ರದ ದತ್ತು ಪ್ರಾಧಿಕಾರ ಕಾರಾದ ಪೋರ್ಟಲ್ ನೋಡಿದರೆ ಅಲ್ಲೂ ವಯಸ್ಸಿನದೇ ಲೆಕ್ಕ: ಗಂಡ ಹೆಂಡತಿ ವಯಸ್ಸು ಕೂಡಿಸಿ 85 ಮೀರಿದರೆ ಎರಡು ವರ್ಷದೊಳಗಿನ ಮಗು ಸಿಗಲ್ಲ. ನಮ್ಮದು 87. ಎರಡರಿಂದ ನಾಲ್ಕು ವರ್ಷದ ಮಗುವಿಗೆ ಹೆಸರು ಬರೆಸಿ ಕಾಯ್ತಿದ್ದೀವಿ.

ಹೇಳೋಕೆ ಮುಂಚೆ ಖಚಿತವಾಗಬೇಕು ಅಂತೀರಲ್ಲ, ಅದೇ ನನಗೆ ಸರಿ ಕಾಣಲ್ಲ. ಬೇಡ ಅಂದಾಗ ಅಷ್ಟು ಖಚಿತವಾಗಿತ್ತಾ? ಗೊಂದಲದ ಸಮೇತ ಇವತ್ತೇ ಹೇಳಿ. ಅವರು ಒಪ್ಪದಿರಬಹುದು, ನಿಮ್ಮ ಮನಸ್ಸೇ ಮತ್ತೆ ತಿರುಗಬಹುದು, ಪರವಾಗಿಲ್ಲ. ಅತ್ತೆ ಮುಂದೆ ಮಾತ್ರ ಈಗಲೇ ಬಾಯಿ ಬಿಡಬೇಡಿ. ಅವರು ಹರಕೆ ಹೊತ್ತುಬಿಟ್ಟರೆ ಆಮೇಲೆ ನಿಮಗೆ ಬೇಡ ಅನ್ನೋ ದಾರಿಯೇ ಇರಲ್ಲ.