ಚಿಕ್ಕ ಸಿಎನ್‌ಸಿ ಯಂತ್ರ: ಪಟ್ಟಿಯಲ್ಲಿರುವ 0.00125 ಅನ್ನು ನಂಬಬಹುದಾ?

ಪ್ರಶ್ನೆ: ಸರ್, ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು. ಹುಬ್ಬಳ್ಳಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಮರದ ನಾಮಫಲಕ, ಅಕ್ರಿಲಿಕ್ ಬೋರ್ಡ್ ಮಾಡಿಕೊಡುತ್ತೇನೆ. ಈಗ ಮೇಜಿನ ಮೇಲಿಡುವ ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ತಾನೇ ಕೊರೆಯುವ) ಮಿಲ್ಲಿಂಗ್ ಯಂತ್ರ ತಗೊಳ್ಳೋಣ ಅಂತಿದ್ದೇನೆ. ಆನ್‌ಲೈನ್‌ನಲ್ಲಿ ನೋಡಿದ 3018 ಮಾದರಿಯ ವಿವರ ಹೀಗಿದೆ: ಕೆಲಸದ ಜಾಗ 300×180×45 ಮಿ.ಮೀ., ನಿಖರತೆ 0.00125 ಮಿ.ಮೀ., ಟೂಲು ತಿರುಗಿಸುವ 775 ಸ್ಪಿಂಡಲ್ ಮೋಟರ್ 300 ವ್ಯಾಟ್, ನಿಮಿಷಕ್ಕೆ 10,000 ಸುತ್ತು, ಟೂಲು ಹಿಡಿಯುವ ಇಆರ್11 ಕೊಲೆಟ್, ಪವರ್ ಸಪ್ಲೈ 24 ವೋಲ್ಟ್ 5 ಆಂಪಿಯರ್. ಮರ, ಪಿಸಿಬಿ (ಎಲೆಕ್ಟ್ರಾನಿಕ್ ಸರ್ಕ್ಯೂಟ್ ಹಲಗೆ), ಅಲ್ಯೂಮಿನಿಯಂ, ಸ್ಟೀಲ್ ಎಲ್ಲ ಕೊರೆಯುತ್ತದಂತೆ. ನನಗೆ 6 ಮಿ.ಮೀ. ಅಲ್ಯೂಮಿನಿಯಂ ಪ್ಲೇಟಿನಲ್ಲಿ 608 ಬೇರಿಂಗ್ ಕೂರಿಸುವ ಬ್ರಾಕೆಟ್ ಮಾಡುವ ಆರ್ಡರ್ ಬರುವ ಹಾಗಿದೆ. ಈ ಯಂತ್ರ ಸಾಕಾ?

ಉತ್ತರ: ಪಟ್ಟಿಯನ್ನು ಪೂರ್ತಿ ಬರೆದು ಕಳಿಸಿದ್ದು ಒಳ್ಳೇದಾಯಿತು. ಮೊದಲು ಒಂದು ಗುಣಾಕಾರ ಮಾಡಿ. 24 ವೋಲ್ಟ್, 5 ಆಂಪಿಯರ್. ಗುಣಿಸಿದರೆ 120 ವ್ಯಾಟ್. ಯಂತ್ರವನ್ನು ಮೂರು ಅಕ್ಷಗಳಲ್ಲಿ ಸರಿಸುವ ಮೂರು ಸ್ಟೆಪರ್ ಮೋಟರ್‌ಗಳೂ ಅದರಲ್ಲೇ ಬದುಕಬೇಕು. ಹಾಗಿದ್ದ ಮೇಲೆ 300 ವ್ಯಾಟ್ ಸ್ಪಿಂಡಲ್ ಎಲ್ಲಿಂದ ಬಂತು? ಪಟ್ಟಿಯ ಒಂದು ಸಾಲು ಇನ್ನೊಂದು ಸಾಲನ್ನು ಸುಳ್ಳು ಮಾಡುತ್ತಿದೆ. ಅಂದಮೇಲೆ ಉಳಿದ ಸಾಲುಗಳನ್ನೂ ಸ್ವಲ್ಪ ಅನುಮಾನದಿಂದಲೇ ಓದಬೇಕು.

ಈಗ ನಿಮ್ಮ 0.00125ಕ್ಕೆ ಬರೋಣ. ಇದನ್ನು ಯಾರೂ ಯಂತ್ರದ ಮೇಲೆ ಅಳೆದು ಬರೆದಿದ್ದಲ್ಲ. ಸ್ಟೆಪರ್ ಮೋಟರ್ ಒಂದು ಸುತ್ತಿಗೆ 200 ಹೆಜ್ಜೆ ಹಾಕುತ್ತದೆ. ಡ್ರೈವರ್ ಒಂದೊಂದು ಹೆಜ್ಜೆಯನ್ನೂ 16 ಭಾಗ ಮಾಡುತ್ತದೆ, ಒಟ್ಟು 3,200. ಮೋಟರ್ ತಿರುಗಿಸುವ ಉದ್ದನೆಯ ತಿರುಪು, ಅಂದರೆ ಲೀಡ್‌ಸ್ಕ್ರೂ, ಒಂದು ಸುತ್ತಿಗೆ 4 ಮಿ.ಮೀ. ಸರಿಸುತ್ತದೆ. 4ನ್ನು 3,200ರಿಂದ ಭಾಗಿಸಿ, ಸರಿಯಾಗಿ 0.00125 ಬರುತ್ತೆ! ಕಂಟ್ರೋಲರ್ ಎಷ್ಟು ಸಣ್ಣ ಆಜ್ಞೆ ಕೊಡಬಲ್ಲದು ಅನ್ನೋದು ಇದು. ಯಂತ್ರ ಆ ಆಜ್ಞೆಯನ್ನು ಎಷ್ಟು ಪಾಲಿಸುತ್ತದೆ ಅನ್ನೋದು ಬೇರೆಯೇ ಕಥೆ.

ನಿಮಗೆ ಬೇಕಾದದ್ದು ಎಷ್ಟು ಅಂತ ನೋಡಿ. 608 ಬೇರಿಂಗಿನ ಹೊರ ವ್ಯಾಸ 22 ಮಿ.ಮೀ. ಅದು ಕೂರುವ ತೂತಿಗೆ ಸಾಮಾನ್ಯವಾಗಿ ಎಚ್7 ಎಂಬ ಅಳತೆಯ ಮಿತಿ ಕೊಡುತ್ತಾರೆ. ಅಂದರೆ 22.000ದಿಂದ 22.021ರ ಒಳಗೆ ಇರಬೇಕು. ಅಷ್ಟೂ ಜಾಗ ಒಂದು ಕೂದಲಿಗಿಂತ ತೆಳು.

ಇಲ್ಲಿ ಮೊದಲ ಶತ್ರು ಬ್ಯಾಕ್‌ಲ್ಯಾಶ್, ನಮ್ಮ ವರ್ಕ್‌ಶಾಪ್ ಭಾಷೆಯಲ್ಲಿ 'ಪ್ಲೇ', ಅಂದರೆ ಸ್ಕ್ರೂಗೂ ನಟ್ಟಿಗೂ ನಡುವಿನ ಸಡಿಲ. ನಾನು ಮೊದಲು ಕೊಂಡ ಚಿಕ್ಕ ಯಂತ್ರದಲ್ಲಿ ಒಂದು ದುಂಡನೆಯ ತೂತು ಕೊರೆದೆ. ಕಣ್ಣಿಗೆ ಚೆನ್ನಾಗಿಯೇ ಇತ್ತು. ಬೆರಳಾಡಿಸಿದರೆ ನಾಲ್ಕು ಕಡೆ ಸಣ್ಣ ಮೆಟ್ಟಿಲು ಸಿಕ್ಕಿತು, ಗಡಿಯಾರದ 12, 3, 6, 9 ಇರುವ ಜಾಗಗಳಲ್ಲಿ. ಪ್ರೋಗ್ರಾಮಿನಲ್ಲಿ ತಪ್ಪಿದೆ ಅಂದುಕೊಂಡು ಎರಡು ಸಂಜೆ ಹಾಳು ಮಾಡಿದೆ. ತಪ್ಪಿದ್ದದ್ದು ಲೀಡ್‌ಸ್ಕ್ರೂ ಮೇಲೆ ಓಡಾಡಿ ಟೇಬಲ್ ಸರಿಸುವ ನಟ್ಟಿನಲ್ಲಿ. ಆ ನಾಲ್ಕು ಜಾಗಗಳಲ್ಲೇ ಒಂದೊಂದು ಅಕ್ಷ ದಿಕ್ಕು ಬದಲಿಸೋದು. ನಟ್ಟು ಸಡಿಲ ಇದ್ದರೆ ಸ್ಕ್ರೂ ತಿರುಗುತ್ತದೆ, ಟೇಬಲ್ ಮಾತ್ರ ಒಂದು ಕ್ಷಣ ನಿಂತಲ್ಲೇ ನಿಲ್ಲುತ್ತದೆ.

ಅಮೆರಿಕದ ಶೆರ್ಲೈನ್ ಕಂಪನಿ ದಶಕಗಳಿಂದ ಚಿಕ್ಕ ಮಿಲ್ಲಿಂಗ್ ಯಂತ್ರ ಮಾಡುತ್ತಿದೆ. ಫ್ಯಾಕ್ಟರಿಯಿಂದ ಹೊರಡುವಾಗ ಲೀಡ್‌ಸ್ಕ್ರೂಗಳಲ್ಲಿ 0.003ರಿಂದ 0.005 ಇಂಚು ಪ್ಲೇ ಇಟ್ಟಿರುತ್ತೇವೆ ಅಂತ ಅವರೇ ಹೇಳುತ್ತಾರೆ. ಅಂದರೆ ಸುಮಾರು 0.1 ಮಿ.ಮೀ. ನನಗೆ ಇಂಥ ಅಂಕಿ ಕಂಡರೆ ನೆಮ್ಮದಿ. 0.1 ಅಂತ ಬರೆದವನು ಅಳೆದಿದ್ದಾನೆ. 0.00125 ಅಂತ ಬರೆದವನು ಬರೀ ಭಾಗಾಕಾರ ಮಾಡಿದ್ದಾನೆ.

ಪ್ಲೇ ಆದರೂ ಸರಿಪಡಿಸಬಹುದು. ಸ್ಪ್ರಿಂಗ್ ಇರುವ ಆಂಟಿ-ಬ್ಯಾಕ್‌ಲ್ಯಾಶ್ ನಟ್ ಹಾಕಿದರೆ ಎಷ್ಟೋ ಕಡಿಮೆಯಾಗುತ್ತದೆ. ಸರಿಪಡಿಸೋಕೆ ಕಷ್ಟವಾದದ್ದು ಬಾಗುವಿಕೆ. ಇದು ಯಾವ ಜಾಹೀರಾತಿನಲ್ಲೂ ಇರೋದಿಲ್ಲ, ಆದರೆ ಅಂದಾಜು ಮಾಡಲು ಎರಡು ಅಳತೆ ಸಾಕು: ಸ್ಪಿಂಡಲ್ ಜಾರುವ ಕಂಬಿಯ ದಪ್ಪ ಮತ್ತು ಉದ್ದ. ದುಂಡು ಕಂಬಿಯ ಗಟ್ಟಿತನ ದಪ್ಪದ ನಾಲ್ಕನೇ ಘಾತದಷ್ಟು ಏರುತ್ತದೆ. 10 ಮಿ.ಮೀ. ಬದಲು 12 ಮಿ.ಮೀ. ಕಂಬಿ ಇದ್ದರೆ ಬಾಗೋದು ಅರ್ಧಕ್ಕರ್ಧ ಕಡಿಮೆ. ಉದ್ದ ಮಾತ್ರ ಉಲ್ಟಾ. 200ರಿಂದ 300 ಮಿ.ಮೀ.ಗೆ ಹೋದರೆ ಅದೇ ಕಂಬಿ ಮೂರು ಪಟ್ಟಿಗಿಂತ ಜಾಸ್ತಿ ಬಾಗುತ್ತದೆ. ಹಾಗಾಗಿ ಅದೇ ಕಂಬಿ ಹಾಕಿ ಬೆಡ್ಡನ್ನು ಮಾತ್ರ ದೊಡ್ಡದು ಮಾಡಿದ ಮಾದರಿಗೆ ಹೆಚ್ಚು ದುಡ್ಡು ಕೊಡಬೇಡಿ. ಸ್ಪಿಂಡಲ್ ಹಿಡಿಯುವ ಭಾಗ ಪ್ಲಾಸ್ಟಿಕ್ಕೋ ಅಲ್ಯೂಮಿನಿಯಮ್ಮೋ ಅಂತಲೂ ಕೇಳಿ.

ಯಂತ್ರ ಎದುರಿಗೇ ಸಿಕ್ಕರೆ ಇನ್ನೂ ಸುಲಭ. 0.01ರ ಡಯಲ್ ಗೇಜು, ಒಂದು ಸ್ಪ್ರಿಂಗ್ ತಕ್ಕಡಿ ತಗೊಂಡು ಹೋಗಿ. ಡಯಲನ್ನು ಬೆಡ್ಡಿನ ಮೇಲಿಟ್ಟು ಕೊಲೆಟ್‌ಗೆ ತಾಗಿಸಿ. ತಕ್ಕಡಿಯ ಕೊಕ್ಕೆ ಸಿಕ್ಕಿಸಿ 2 ಕೆ.ಜಿ.ಯಷ್ಟು ಎಳೆಯಿರಿ. ಮುಳ್ಳು 0.2 ಮಿ.ಮೀ. ಸರಿದರೆ, ಅಲ್ಯೂಮಿನಿಯಂ ಕೊರೆಯುವಾಗಲೂ ಅಷ್ಟೇ ಬಲ ಬಿದ್ದರೆ ಅಷ್ಟೇ ಸರಿಯುತ್ತದೆ. ನಿಮ್ಮ 0.021 ಅಲ್ಲಿಗೆ ಮುಗೀತು. ಬಿಟ್ಟ ಮೇಲೆ ಮುಳ್ಳು ಸೊನ್ನೆಗೆ ವಾಪಸ್ ಬರುತ್ತಾ ಅಂತಲೂ ನೋಡಿ. ಬರದಿದ್ದರೆ ಎಲ್ಲೋ ಬೋಲ್ಟು ಸಡಿಲ ಇದೆ, ಇಲ್ಲಾ ಬೇರಿಂಗ್ ಹೋಗಿದೆ.

ವ್ಯಾಟ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 3 ಮಿ.ಮೀ. ಎಂಡ್‌ಮಿಲ್ (ಕೊರೆಯುವ ಟೂಲು), 0.2 ಮಿ.ಮೀ. ಆಳ, ನಿಮಿಷಕ್ಕೆ 300 ಮಿ.ಮೀ. ಫೀಡ್ (ಟೂಲು ಮುಂದೆ ಸರಿಯುವ ವೇಗ) ಇಟ್ಟರೆ ಅಲ್ಯೂಮಿನಿಯಂ ಕೊರೆಯೋಕೆ ಹತ್ತು ವ್ಯಾಟ್ ಕೂಡ ಬೇಡ. ಯಂತ್ರ ಸೋಲೋದು ಶಕ್ತಿ ಸಾಲದೆ ಅಲ್ಲ, ನಡುಗಿ. ನಡುಗುತ್ತೆ ಅಂತ ಹೆದರಿ ಫೀಡನ್ನು 100ಕ್ಕೆ ಇಳಿಸಿದರೆ ಇನ್ನೊಂದು ತೊಂದರೆ. 10,000 ಸುತ್ತಿನಲ್ಲಿ ಎರಡು ಅಲಗಿನ ಟೂಲು ಒಂದು ಅಲಗಿಗೆ 0.005 ಮಿ.ಮೀ. ಮಾತ್ರ ತಿನ್ನುತ್ತದೆ. ಅದು ಕೊರೆಯುವುದಲ್ಲ, ಉಜ್ಜುವುದು. ಬಿಸಿಯಾಗಿ ಅಲ್ಯೂಮಿನಿಯಂ ಟೂಲಿಗೇ ಮೆತ್ತಿಕೊಳ್ಳುತ್ತದೆ. ಒಂದೇ ಅಲಗಿನ ಕಾರ್ಬೈಡ್ ಟೂಲು ಹಾಕಿ, ಆಳ 0.2ರಲ್ಲೇ ಇಡಿ, ಫೀಡೂ 300ರಲ್ಲೇ ಇರಲಿ. 6 ಮಿ.ಮೀ. ಪ್ಲೇಟಿಗೆ ಟೂಲು ತೂತಿನ ಸುತ್ತ 30 ಸಲ ಬರಬೇಕಾದೀತು. ಆದರೂ ಒಂದು ತೂತು ಆರೇಳು ನಿಮಿಷದಲ್ಲಿ ಆಗುತ್ತದೆ.

ಸ್ಟೀಲ್? ಆ ಮಾತು ಬಿಡಿ. 3 ಮಿ.ಮೀ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲಿಗೆ ಮೈಲ್ಡ್ ಸ್ಟೀಲಿನಲ್ಲಿ ನಿಮಿಷಕ್ಕೆ ಸುಮಾರು 3,000 ಸುತ್ತು ಸಾಕು. 775 ಮೋಟರನ್ನು ಅಷ್ಟು ನಿಧಾನಕ್ಕೆ ತಂದರೆ ಅದರಲ್ಲಿ ದಮ್ಮೇ ಇರೋದಿಲ್ಲ.

45 ಮಿ.ಮೀ. ಎತ್ತರ ಅಂದರೆ 45 ಮಿ.ಮೀ. ದಪ್ಪದ ಕೆಲಸ ಅಂತ ಅಲ್ಲ. 20 ಮಿ.ಮೀ. ದಪ್ಪದ ಮರಕ್ಕೆ ಆರಪಾರ ತೂತು ಹಾಕಲು ಟೂಲು 20 ಮಿ.ಮೀ. ಹೊರಗೆ ಇರಬೇಕು, ಅಷ್ಟೇ ಮೇಲೆ ಏಳಲೂ ಬೇಕು. ಅಲ್ಲಿಗೆ 40 ಹೋಯಿತು. ಕೆಳಗೆ ವೈಸ್ ಇಟ್ಟರೆ ಜಾಗವೇ ಉಳಿಯಲ್ಲ. ನಿಮ್ಮ ಪ್ಲೇಟನ್ನು ಬೆಡ್ಡಿಗೇ ಕ್ಲಾಂಪ್ ಮಾಡಿ, ಕೆಳಗೊಂದು ಎಂಡಿಎಫ್ ಹಲಗೆ ಇರಲಿ.

ಒಟ್ಟಿನಲ್ಲಿ ಫಲಕ, ಅಕ್ರಿಲಿಕ್, ಪಿಸಿಬಿಗೆ ಈ ಯಂತ್ರ ಧಾರಾಳ ಸಾಕು, ತಗೊಳ್ಳಿ. ಪಿಸಿಬಿ ಕೊರೆಯುವಾಗ ಮಾಸ್ಕ್ ಹಾಕಿಕೊಳ್ಳಿ, ಅದು ಗಾಜಿನ ನಾರಿನ ಪುಡಿ. ಬ್ರಾಕೆಟ್ಟಿನ ಹೊರ ಆಕಾರ, ಬೋಲ್ಟ್ ತೂತುಗಳನ್ನೂ ಇದರಲ್ಲೇ ಮಾಡಬಹುದು. ಬೇರಿಂಗಿನ ತೂತನ್ನು ಮಾತ್ರ 21.5ಕ್ಕೆ ನಿಲ್ಲಿಸಿ, ಹತ್ತಿರದ ಲೇಥ್‌ನವರ ಹತ್ತಿರ 22ಕ್ಕೆ ಬೋರಿಂಗ್ ಮಾಡಿಸಿ. ಅದರ ಕೂಲಿಯನ್ನು ಸೇರಿಸಿಯೇ ಗಿರಾಕಿಗೆ ರೇಟು ಹೇಳಿ. ಅಳತೆ ನೋಡಲು ಅವರ ಕೈಗೆ ಒಂದು 608 ಬೇರಿಂಗನ್ನೂ ಕೊಟ್ಟುಬಿಡಿ.